ಮನೆ ಎದುರು ನಿಲ್ಲದ ಬಸ್ಸು

ಮೊದಲು ಒಂದು ಒಗಟು ಬಿಡಿಸಿ, ಆಮೇಲೆ ಓದಿ. ದಿನಕ್ಕೆ ಎಂಟು ಸಲ ಮನೆ ಎದುರು ಬರುತ್ತದೆ, ಒಂದು ಸಲವೂ ಅಂಗಳಕ್ಕೆ ಇಳಿಯುವುದಿಲ್ಲ. ಊರಿನವರಿಗೆಲ್ಲ ಕೂರಲು ಜಾಗ ಕೊಡುತ್ತದೆ, ತಾನು ಮಾತ್ರ ಕೂತು ಉಣ್ಣುವುದಿಲ್ಲ. ಹೊಟ್ಟೆಯಲ್ಲಿ ಬೆಂಕಿ, ಮುಖದಲ್ಲಿ ಮೀಸೆ. ಏನು ಹೇಳಿ?

ಬಸ್ಸು ಅಂದಿರಾ? ಬಸ್ಸಿಗೆ ಮೀಸೆ ಇರುವುದನ್ನು ನೀವು ಯಾವ ಊರಲ್ಲಿ ಕಂಡಿರಿ? ಬಿಡಿ, ನಿಮ್ಮಿಂದ ಆಗುವುದಿಲ್ಲ. ಅದು ನಮ್ಮ ಅಪ್ಪಯ್ಯ. ಕುಂದಾಪುರ–ಬೈಂದೂರು ಸರ್ವಿಸ್ ಬಸ್ಸಿನ ಡ್ರೈವರ್. ನಮ್ಮ ಮನೆ ನಾವುಂದ ದಾಟಿದ ಮೇಲೆ ಬರುವ ತಿರುವಿನಲ್ಲಿ, ರಸ್ತೆ ಬದಿಯಲ್ಲೇ. ಬಸ್ಸು ನಾಲ್ಕು ಸಲ ಆಚೆ, ನಾಲ್ಕು ಸಲ ಈಚೆ. ರಾತ್ರಿ ಹಾಲ್ಟ್ ಬೈಂದೂರಿನಲ್ಲಿ. ಅಪ್ಪಯ್ಯ ಮಲಗುವುದು ಹಿಂದಿನ ಉದ್ದ ಸೀಟಿನಲ್ಲಿ. ತಿಂಗಳಿಗೆ ಎರಡು ದಿನ ರಜೆ. ಆ ಎರಡು ದಿನ ಮನೆಗೆ ಬಂದು ಗೊರಕೆ ಹೊಡೆಯುತ್ತಾರೆ. ಗೊರಕೆಯಲ್ಲೂ ಗೇರು ಬದಲಾಯಿಸುವುದು ನನಗೆ ಕೇಳುತ್ತದೆ.

ನನ್ನ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಎಂಟನೇ ಕ್ಲಾಸಿನಲ್ಲಿ ಎರಡು ವರ್ಷ ಕೂತೆ. ಮೂರನೇ ವರ್ಷ ಮಧ್ಯಾಹ್ನ ಎರಡು ಗಂಟೆಗೇ ಶಾಲೆ ಬಿಡುವ ಗಂಟೆ ಬಾರಿಸಿದೆ. ಮಕ್ಕಳೆಲ್ಲ ಮನೆಗೆ ಓಡಿದರು, ಮಾಸ್ತರರಲ್ಲಿ ಇಬ್ಬರು ಅವರಿಗಿಂತ ಮುಂಚೆ ಓಡಿದರು. ಮರುದಿನ ಹೆಡ್‌ಮಾಸ್ತರರು "ನೀನು ಹೋದದ್ದು ಹೋದೆ, ಇನ್ನು ಬರುವುದು ಬೇಡ" ಅಂದರು. ನನ್ನ ಪ್ರಾಯದವರೆಲ್ಲ ಬೊಂಬಾಯಿ ಹೋಟ್ಲುಗಳಿಗೆ ಹೋಗಿದ್ದಾರೆ. ನಾನು ಮನೆಯಲ್ಲಿ ಒಬ್ಬನೇ ಚೆನ್ನೆಮಣೆ ಆಡುತ್ತೇನೆ. ಬಲಗೈ ನಾನು, ಎಡಗೈ ಬೇರೆ ಯಾರೋ. ಎಡಗೈ ಬಹಳ ಮೋಸ ಮಾಡುತ್ತದೆ.

ನಮ್ಮ ಮನೆಯಲ್ಲಿ ಇಂಥದ್ದು ದಿನಾ ಒಂದಲ್ಲ ಒಂದು ನಡೆಯುತ್ತಲೇ ಇರುತ್ತದೆ. ಹೇಳುವುದಕ್ಕೆ ಮಾತ್ರ ಯಾರೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

೧. ಹಾರ್ನಿನ ಸಂಸಾರ

ಅಬ್ಬಿ, ಅಂದರೆ ನನ್ನ ತಾಯಿ, ಅಪ್ಪಯ್ಯನ ಹತ್ತಿರ ಇಪ್ಪತ್ತು ವರ್ಷ ಸಂಸಾರ ಮಾಡಿದ್ದು ಹಾರ್ನಿನಲ್ಲೇ. ಬಸ್ಸಿನ ಹೊರಬದಿಗೆ ರಬ್ಬರ್ ಗುಂಡಿನ ಹಾರ್ನು. ತಿರುವಿಗೆ ಬಂದಾಗ ಒಂದು ಸಲ ಒತ್ತಿದರೆ "ಊಟ ಬೇಡ". ಎರಡು ಸಲ ಒತ್ತಿದರೆ "ಊಟದ ಕ್ಯಾರಿಯರ್ ತಾ"; ನಿಧಾನವಾದ ಬಸ್ಸಿನ ಬಾಗಿಲಿಂದಲೇ ಕಂಡಕ್ಟರ್ ಕೈಚಾಚಿ ತೆಗೆದುಕೊಳ್ಳುತ್ತಾನೆ. ಮೂರು ಸಲ ಒತ್ತಿದರೆ "ತೊಳೆದ ಅಂಗಿ ಕೊಡು". ಉದ್ದಕ್ಕೆ ಒತ್ತಿದರೆ "ಎಲ್ಲ ಸಮ ಇದ್ದೀರಾ?"

ಅಬ್ಬಿ ಉತ್ತರ ಕೊಡುವುದು ಪಾಗಾರದ, ಅಂದರೆ ಅಂಗಳದ ಗೋಡೆಯ, ಮೇಲೆ ಬಟ್ಟೆ ಹಾಕಿ. ಮೈ ಒರೆಸುವ ಬಿಳಿ ಬೈರಾಸು ಕಂಡರೆ ಎಲ್ಲ ಸಮ. ಕೆಂಪು ಸೀರೆ ಕಂಡರೆ ಅಕ್ಕಿ ಮುಗಿದಿದೆ. ಒಂದು ದಿನ ಅಬ್ಬಿಗೆ ಎಲ್ಲಿಂದ ಸಿಟ್ಟು ಬಂತೋ, ಮನೆಯಲ್ಲಿದ್ದ ಸೀರೆ, ಚಾದರ, ಚಾಪೆ, ನನ್ನ ಚಡ್ಡಿ, ಅಪ್ಪಯ್ಯನ ಮದುವೆ ಪಂಚೆ ಎಲ್ಲ ತಂದು ಪಾಗಾರದ ಉದ್ದಕ್ಕೂ ಹಾಕಿದಳು. ಬಸ್ಸು ಬಂತು, ಹಾರ್ನೇ ಇಲ್ಲ, ಮೆಲ್ಲಗೆ ಕಳ್ಳನ ಹಾಗೆ ದಾಟಿಹೋಯಿತು. ಸಂಜೆ ಟ್ರಿಪ್ಪಿನಲ್ಲಿ ಕಂಡಕ್ಟರ್ ಬಾಗಿಲಿಗೆ ಜೋತುಬಿದ್ದು ಕೂಗಿ ಹೇಳಿದ, "ಹ್ವಾಯ್ ಅಕ್ಕಾ, ಇವತ್ ನೀವ್ ಬೈದದ್ ಕೇಂಡ್ ಬಸ್ಸಲ್ಲಿದ್ದರೆಲ್ಲ ತಲೆ ತಗ್ಸಿ ಕೂಕಂಡಿದ್ರ್!"

ಅದಾಗಿ ವಾರಕ್ಕೆ ಅಬ್ಬಿ ಟ್ರಂಕು ಹಿಡಿದುಕೊಂಡು ರಸ್ತೆಗೆ ಬಂದು ಕೈ ಅಡ್ಡ ಹಿಡಿದಳು. ನಮ್ಮ ಮನೆ ಎದುರು ಬಸ್ಸು ನಿಂತದ್ದು ಅದೇ ಮೊದಲು. ಅಪ್ಪಯ್ಯ ಎಂಜಿನ್ ಬಂದ್ ಮಾಡಲಿಲ್ಲ. ಅಬ್ಬಿ ಮೆಟ್ಟಿಲು ಹತ್ತಿ ನಿಂತು ನನಗೆ ಹೇಳಿದಳು, "ಮಗಾ, ನಾನ್ ಅಪ್ಪನ ಮನಿಗ್ ಹೋತೆ. ಈ ಬಸ್ಸ್ ಇಲ್ಲ್ ನಿತ್ಕಂಡ್, ನಿನ್ ಅಪ್ಪಯ್ಯ ಇಳ್ದ್, ಕಾಲ್ ತೊಳ್ಕಂಡ್, ಚಾವಡಿಲಿ ಕೂಕಂಡ್ ಒಂದ್ ಮಧ್ಯಾಹ್ನ ಉಂಡ್ರ್ ಅಂದ್ರೆ ಕಾಗ್ದ ಹಾಕ್. ಅವತ್ತೇ ಬತ್ತೆ."

"ನಾನೂ ಬತ್ತೆ," ಅಂದೆ.

"ನೀನ್ ಬಂದ್ರೆ ಅವ್ರಿಗ್ ಕ್ಯಾರಿಯರ್ ಕೊಡೂರ್ ಯಾರ್?"

ಕಂಡಕ್ಟರ್ ಹಲ್ಲು ಕಿರಿದು, "ಡ್ರೈವರ್ ಹೆಂಡ್ತಿಗೆ ಟಿಕೇಟ್ ಬ್ಯಾಡ ಅಕ್ಕಾ," ಅಂದ.

"ನಾನ್ ಡ್ರೈವರ್ ಹೆಂಡ್ತಿ ಅಂತ ಯಾರ್ ಹೇಳ್ರ್ ನಿಂಗೆ? ಹರಿ ಟಿಕೇಟ್, ಕುಂದಾಪ್ರಕ್ಕೆ ಒಂದ್. ಅಲ್ಲಿಂದ ಬ್ರಹ್ಮಾವರಕ್ಕೆ ಬೇರೆ ಬಸ್ಸಿತ್ತ್."

ಅಪ್ಪಯ್ಯ ತಲೆ ಮೇಲಿನ ಕನ್ನಡಿಯಲ್ಲಿ ಹಿಂದಿನ ಸೀಟಿನ ಅಬ್ಬಿಯನ್ನು ನೋಡುತ್ತಾ ನೋಡುತ್ತಾ ಕುಂದಾಪುರದವರೆಗೆ ಬಸ್ಸು ಬಿಟ್ಟರಂತೆ. ಮದುವೆಯಾದ ಮೇಲೆ ಅವರಿಬ್ಬರೂ ಎಚ್ಚರದಲ್ಲಿ ಅಷ್ಟು ಹೊತ್ತು ಒಟ್ಟಿಗೆ ಇದ್ದದ್ದು ಅದೇ ಮೊದಲು ಅಂತ ಕಂಡಕ್ಟರ್ ಹೇಳುತ್ತಾನೆ.

೨. ಹನ್ನೊಂದು ಲೋಟ ಮಜ್ಜಿಗೆ

ಅಬ್ಬಿ ಹೋದ ಮೇಲೆ ಅಪ್ಪಯ್ಯನ ಹೊಟ್ಟೆನೋವು ಜೋರಾಯಿತು. ಕುಂದಾಪುರದ ಒಬ್ಬ ಡಾಕ್ಟ್ರು ಹೊಟ್ಟೆ ಒತ್ತಿ ನೋಡಿ, "ಹುಣ್ಣಾಗಿದೆ. ಖಾರ ಬಿಡಬೇಕು, ಚಾ ಬಿಡಬೇಕು. ಹೊತ್ತಿಗೆ ಸರಿಯಾಗಿ ಮನೆಯಲ್ಲಿ ಕೂತು ಉಣ್ಣಬೇಕು. ಎರಡೆರಡು ಗಂಟೆಗೊಮ್ಮೆ ಮಜ್ಜಿಗೆ ಕುಡಿಯಬೇಕು. ಇಲ್ಲದಿದ್ದರೆ ದೊಡ್ಡ ಆಸ್ಪತ್ರೆಗೆ ಹೋಗಿ ಕೊಯ್ಸಿಕೊಳ್ಳಬೇಕು," ಅಂದರಂತೆ.

ಅಪ್ಪಯ್ಯ ಯೋಚನೆ ಮಾಡಿ, ಇದರಲ್ಲಿ ಬಸ್ಸು ನಿಲ್ಲಿಸದೆ ಮಾಡಬಹುದಾದದ್ದು ಮಜ್ಜಿಗೆ ಒಂದೇ ಅಂತ ತೀರ್ಮಾನ ಮಾಡಿದರು.

ಕಂಡಕ್ಟರ್‌ನ ಬಾಯಿ ಗೊತ್ತಲ್ಲ. ಟಿಕೇಟು ಹರಿಯುತ್ತಾ ಇಡೀ ದಾರಿಗೆ ಸುದ್ದಿ ಹರಡಿದ. ನಮ್ಮ ಕಡೆಯ ಹೆಂಗಸರಿಗೆ ಕಾಯಿಲೆಯವರು ಸಿಕ್ಕಿದರೆ ಬಿಡುತ್ತಾರಾ? ಮರುದಿನ ಹೆಮ್ಮಾಡಿಯಲ್ಲಿ ಒಬ್ಬಳು ಲೋಟ ಹಿಡಿದು ನಿಂತಳು. ತ್ರಾಸಿಯಲ್ಲಿ ಇಬ್ಬರು. ಮರವಂತೆಯಲ್ಲಿ ಮೀನು ಮಾರುವ ಅಕ್ಕ ಬುಟ್ಟಿ ಇಳಿಸಿ, "ಹ್ವಾಯ್ ಡ್ರೈವರ್ರೇ, ಶುಂಠಿ ಹಾಯ್ಕಂಡ್ ಮಾಡಿದ್ದೆ, ಕುಡೀದೆ ಬಸ್ಸ್ ಬಿಟ್ರೆ ನಿಮ್ಗ್ ನನ್ನಾಣೆ ಇತ್ತ್," ಅಂದಳು. ಉಪ್ಪುಂದದಲ್ಲಿ ಒಬ್ಬರು ಚೊಂಬಿನಲ್ಲೇ ತಂದರು. ಡ್ರೈವರ್ ಒಬ್ಬರದ್ದು ಕುಡಿದು ಇನ್ನೊಬ್ಬರದ್ದು ಬೇಡ ಅಂದರೆ ಆ ಊರಿನವರು ನಾಳೆ ಬೇರೆ ಬಸ್ಸು ಹತ್ತುತ್ತಾರಲ್ಲ. ಬುಧವಾರದ ಹೊತ್ತಿಗೆ ಒಂದು ಟ್ರಿಪ್ಪಿಗೆ ಹನ್ನೊಂದು ಲೋಟ ಆಯಿತು.

ಹೊಟ್ಟೆ ತಂಪಾಯಿತೋ ಇಲ್ಲವೋ, ಬಸ್ಸು ಮಾತ್ರ ನಿಲ್ಲಲು ಶುರುವಾಯಿತು. ಎರಡು ಮೈಲಿಗೊಮ್ಮೆ ಬ್ರೇಕು. ಅಪ್ಪಯ್ಯ ಇಳಿದು, ಒಂದು ಮರ ನೋಡಿ, ಅದರ ಹಿಂದೆ ಹೋಗಿ ಬರುವುದು. ಪ್ಯಾಸೆಂಜರುಗಳಿಗೂ ಒಳ್ಳೆಯದೇ ಆಯಿತು, ಅವರೂ ಇಳಿದರು. ದಾರಿಯ ಯಾವ ಹೊನ್ನೆಮರವನ್ನೂ, ಯಾವ ಗಾಳಿಮರವನ್ನೂ ಬಸ್ಸು ಬಿಡಲಿಲ್ಲ.

ನಾನು ಈ ಸುದ್ದಿ ಕೇಳಿ, ಇವತ್ತು ನಿಲ್ಲುತ್ತದೆ ಅಂತ ಮನೆ ಮುಂದಿನ ಚಾವಡಿಯಲ್ಲಿ ಮಣೆ ಹಾಕಿ, ಕಾಲು ತೊಳೆಯಲು ಚೊಂಬಿನಲ್ಲಿ ನೀರಿಟ್ಟು ಕಾದೆ. ಬಸ್ಸು ಬಂತು. ನಿಧಾನವಾಯಿತು. ಅಪ್ಪಯ್ಯ ಕಿಟಕಿಯಿಂದ ತಲೆ ಹೊರಗೆ ಹಾಕಿ ನಮ್ಮ ಮನೆಯ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಹಲ್ಲು ಕಚ್ಚಿ ಮುಂದೆ ಹೋದರು.

ನಮ್ಮ ಮನೆ ಹತ್ತಿರ ಮರ ಇರಲಿಲ್ಲ.

ಅವತ್ತು ಸಂಜೆಯೇ ನಾನೊಂದು ಗೇರು ಸಸಿ ನೆಟ್ಟೆ.

೩. ಬಾಳೆಲೆ

ಗೇರು ಸಸಿ ಮರ ಆಗುವವರೆಗೆ ಕಾಯುವ ತಾಳ್ಮೆ ನನಗಿಲ್ಲ. ಒಂದು ಗಂಟೆಯ ಬಸ್ಸು ಬರುವ ಹೊತ್ತಿಗೆ ರಸ್ತೆಯ ನಟ್ಟನಡುವೆ ಬಾಳೆಲೆ ಹಾಕಿದೆ. ಎದುರಿಗೆ ಮಣೆ ಇಟ್ಟೆ. ಎಲೆಗೆ ಕುಚ್ಚಲಕ್ಕಿ ಅನ್ನ, ಸಾರು, ಪಲ್ಯ, ಉಪ್ಪಿನಕಾಯಿ ಎಲ್ಲ ಬಡಿಸಿದೆ. ಇನ್ನೊಬ್ಬರ ಎಲೆ ತುಳಿಯುವಷ್ಟು ಕೆಟ್ಟವರಲ್ಲ ಅಪ್ಪಯ್ಯ. ನಿಲ್ಲಲೇಬೇಕು ಅಂತ ನನ್ನ ಲೆಕ್ಕ.

ಬಸ್ಸು ಬಂತು. ಅಪ್ಪಯ್ಯ ಗೇರೂ ಬದಲಾಯಿಸಲಿಲ್ಲ. ಎಡಚಕ್ರ ಎಲೆಯ ಆಚೆ, ಬಲಚಕ್ರ ಎಲೆಯ ಈಚೆ. ಮಣೆಯೂ ಅಲುಗಲಿಲ್ಲ, ಒಂದು ಅಗುಳೂ ಚೆಲ್ಲಲಿಲ್ಲ. ಇಡೀ ಬಸ್ಸು ನನ್ನ ಊಟದ ಮೇಲೆ ಹಾದುಹೋಯಿತು. ಮೇಲೆ ಒಂದಿಷ್ಟು ಧೂಳು ಬಿತ್ತು, ಅಷ್ಟೇ.

ಮುಂದಿನ ಟ್ರಿಪ್ಪಿನಲ್ಲಿ ಕಂಡಕ್ಟರ್ ಬಾಗಿಲಿಂದ ಕೂಗಿದ, "ಮಾಣೀ, ಅಪ್ಪಯ್ಯ ಹೇಳ್ರ್, ಉಪ್ಪಿನಕಾಯಿ ಎಲೆಯ ಎಡಬದಿಗ್ ಬಡ್ಸ್ಕ್ ಅಂಬ್ರ್! ನೀನ್ ಬಲಕ್ ಹಾಕಿದ್ಯಲೆ!"

ನಾನು ಆ ಅನ್ನವನ್ನು ಧೂಳು ಹೊಡೆದು ಒಬ್ಬನೇ ಕೂತು ಉಂಡೆ. ಉಪ್ಪಿನಕಾಯಿ ಬಲಬದಿಯಲ್ಲೇ ಇಟ್ಟುಕೊಂಡು ಉಂಡೆ, ಹಟಕ್ಕೆ.

೪. ಸುಳ್ಳು ಕಾಗದ

ನಿಲ್ಲಿಸಲಿಕ್ಕಾಗದಿದ್ದರೆ ನಿಲ್ಲಿಸಿದೆ ಅಂತ ಬರೆಯಬಹುದಲ್ಲ! ಒಂದು ಕಾರ್ಡು ತಂದು ಅಬ್ಬಿಗೆ ಬರೆದೆ: "ಅಪ್ಪಯ್ಯ ನಿನ್ನೆ ಮಧ್ಯಾಹ್ನ ಬಸ್ಸು ನಿಲ್ಲಿಸಿ, ಕಾಲು ತೊಳೆದು, ಚಾವಡಿಯಲ್ಲಿ ಕೂತು ಉಂಡರು. ಎರಡನೇ ಸಲ ಅನ್ನ ಹಾಕಿಸಿಕೊಂಡರು. ತೇಗಿದರು. 'ಊಟ ಬಹಳ ಲಾಯ್ಕಿತ್ತ್' ಅಂದರು. ಬೇಗ ಹೊರಟು ಬಾ."

ಐದನೇ ದಿನ ಉತ್ತರ ಬಂತು. ಅಬ್ಬಿಗೆ ಬರೆಯಲು ಬರುವುದಿಲ್ಲ. ಮಾವನ ಮಗಳ ಅಕ್ಷರ, ಆದರೆ ಮಾತು ಅಬ್ಬಿಯದೇ.

"ಮಗಾ, ಕಾಗದ ತಲುಪಿತು. ಆ ಮನುಷ್ಯ ಇಪ್ಪತ್ತು ವರ್ಷದಲ್ಲಿ ಒಂದು ದಿನ ಊಟ ಲಾಯ್ಕಿತ್ತ್ ಅಂತ ಹೇಳಿದ್ದಿಲ್ಲ. ನೀನು ಯಾರನ್ನು ಕರೆದು ಉಣಿಸಿದೆ?"

ಕಾರ್ಡಿನ ಕೆಳಗೆ ಸ್ವಲ್ಪ ಜಾಗ ಉಳಿದಿತ್ತು. ಅಲ್ಲಿ ಸಣ್ಣ ಅಕ್ಷರದಲ್ಲಿ "ಅವರ ಹೊಟ್ಟೆನೋವು ಹೇಗಿದೆ?" ಅಂತಿತ್ತು. ಅಬ್ಬಿ ಹೇಳಿ ಬರೆಸಿದ್ದೋ, ಮಾವನ ಮಗಳು ಜಾಗ ತುಂಬಿಸಿದ್ದೋ ಗೊತ್ತಿಲ್ಲ. ನಾನು ಆ ಕಾರ್ಡನ್ನು ಅಪ್ಪಯ್ಯನ ಕ್ಯಾರಿಯರಿನ ಮೇಲಿನ ತಟ್ಟೆಯಲ್ಲಿಟ್ಟು ಕಳಿಸಿದೆ. ಸಂಜೆ ಕ್ಯಾರಿಯರ್ ವಾಪಸ್ ಬಂತು. ಅನ್ನ ಅರ್ಧ ಹಾಗೇ ಇತ್ತು. ಕಾರ್ಡು ಇರಲಿಲ್ಲ.

ಆ ದಿನ ಕ್ಯಾರಿಯರಿನಲ್ಲಿ ಅಪ್ಪಯ್ಯ ಪೂರ್ತಿ ಮುಗಿಸಿದ್ದು ಆ ಕಾರ್ಡೊಂದನ್ನೇ.

೫. ತಿರುವಿನ ಸ್ವಾಮಿ

ಒಂದು ದಿನ ನಾನು ಬೇಜಾರಿಗೆ ನಾವುಂದದವರೆಗೆ ನಡೆದು, ಅಲ್ಲಿಂದ ಅಪ್ಪಯ್ಯನ ಬಸ್ಸಿನಲ್ಲೇ ಕುಂದಾಪುರಕ್ಕೆ ಹೋಗಿ ಬಂದೆ. ದಾರಿಯಲ್ಲಿ ಒಂದು ಕಡೆ ಒಂದು ಕಟ್ಟೆ, ಕಟ್ಟೆಯ ಮೇಲೆ ಒಂದು ಕಲ್ಲು, ಕಲ್ಲಿನ ಎದುರು ಕಾಣಿಕೆ ಡಬ್ಬಿ. ನಮ್ಮ ಕಡೆ ಇಂಥಲ್ಲಿ ಬಸ್ಸು ನಿಲ್ಲಲೇಬೇಕು. ಕಂಡಕ್ಟರ್ ಇಳಿದು ಚಿಲ್ಲರೆ ಹಾಕುತ್ತಾನೆ, ಡ್ರೈವರ್ ಸ್ಟೇರಿಂಗ್ ಬಿಟ್ಟು ಕೈಮುಗಿಯುತ್ತಾನೆ. ಕೋರ್ಟಿಗೆ ತಡವಾಯಿತು ಅಂತ ಗಡಿಬಿಡಿ ಮಾಡುತ್ತಿದ್ದವರೂ ಅಲ್ಲಿ ಸುಮ್ಮನೆ ಕೂತಿದ್ದರು. ಮನುಷ್ಯರಿಗೆ ನಿಂತರೆ ಗಡಿಯಾರ ನೋಡುವವರು ದೇವರಿಗೆ ನಿಂತರೆ ನೋಡುವುದಿಲ್ಲ.

ನನ್ನ ತಲೆಯಲ್ಲಿ ದೀಪ ಹತ್ತಿತು. ನಮ್ಮ ಮನೆಯ ಎದುರು ಇಲ್ಲದ್ದು ಮರ ಅಲ್ಲ, ದೇವರು!

ಅಡಿಗೆಮನೆಯಲ್ಲಿ ಅಬ್ಬಿಯ ಅರೆಯುವ ಕಲ್ಲು ಸುಮ್ಮನೆ ಬಿದ್ದಿತ್ತು. ಅಬ್ಬಿ ಹೋದ ಮೇಲೆ ಅದರಲ್ಲಿ ಯಾರೂ ಏನೂ ಅರೆದಿರಲಿಲ್ಲ. ಗುಳಿಯಲ್ಲಿ ಒಂದು ಜೇಡ ಮನೆ ಮಾಡಿತ್ತು. ಜೇಡವನ್ನು ಅದರ ಪಾಡಿಗೆ ಬಿಟ್ಟು ಗುಂಡನ್ನು ಮಾತ್ರ ಎತ್ತಿದೆ. ಕಪ್ಪಗೆ, ನುಣ್ಣಗೆ, ಮೇಲೆ ಸ್ವಲ್ಪ ಚೂಪು. ಎಷ್ಟು ವರ್ಷ ಅಬ್ಬಿಯ ಕೈ ತಿರುಗಿ ಹೊಳಪು ಬಂದ ಕಲ್ಲು! ಅದಕ್ಕಿಂತ ಚಂದದ ದೇವರು ನಮ್ಮ ಹೋಬಳಿಯಲ್ಲೇ ಇರಲಿಕ್ಕಿಲ್ಲ. ನಸುಕಿಗೇ ಎದ್ದು, ಪಾಗಾರದ ಹೊರಗೆ ಮಣ್ಣಿನಲ್ಲಿ ಅರ್ಧ ಹೂತು ನಿಲ್ಲಿಸಿದೆ. ಅರಿಸಿನ ಹಚ್ಚಿದೆ, ಕುಂಕುಮ ಇಟ್ಟೆ, ದಾಸವಾಳ ಏರಿಸಿದೆ. ಎದುರಿಗೆ ಒಂದು ಖಾಲಿ ಬಿಸ್ಕಿಟ್ ಡಬ್ಬಿ. ಪಾಗಾರದ ಹಿಂದೆ ಅಡಗಿ ಕೂತೆ.

ಮೊದಲನೇ ಬಸ್ಸು ಬಂತು. ಹಾರ್ನಿಗೆ ಕೈ ಹಾಕಿದ್ದ ಅಪ್ಪಯ್ಯ ಕೈ ತೆಗೆದರು. ಬ್ರೇಕು ಕಿರ್ರ್ ಅಂದಿತು. ನಿಂತಿತು!

"ಇದ್ ಯಾವಾಗ ಬಂತ್ ಮರಾಯ?" ಕಂಡಕ್ಟರ್ ಕೇಳಿದ.

ನಾನು ಒಂದು ಕತೆ ಕಟ್ಟಿಟ್ಟುಕೊಂಡಿದ್ದೆ, ಕೆರೆಯಿಂದ ಎದ್ದು ಬಂದದ್ದು ಅಂತ. ಅದು ಬೇಕಾಗಲೇ ಇಲ್ಲ. ಕಿಟಕಿಯಿಂದ ಒಬ್ಬ ಅಜ್ಜ, "ಯಾವಾಗ ಬಂತ್ ಅಂತ್ಯಲೆ! ನನ್ ಅಜ್ಜನ ಕಾಲದ್ದ್ ಅದ್. ಭಾರೀ ಶಕ್ತಿ ಇತ್ತ್, ಕಾರಣಿಕದ್ದ್," ಅಂದ. ಮೀನಿನ ಅಕ್ಕ, "ಹೌದ್ ಮಾರಾಯ್ರೆ, ನಾನ್ ಸಣ್ಣಕಿದ್ದಾಗ ಇಲ್ಲ್ ಬಿದ್ದಿದ್ದೆ, ಈ ಸ್ವಾಮಿಯೇ ಕಾಯ್ದದ್," ಅಂದಳು. ಇನ್ನೊಬ್ಬರು, ಮೊದಲು ಇದಕ್ಕಿಂತ ದೊಡ್ಡದಿತ್ತು, ಜನರ ನಂಬಿಕೆ ಕಮ್ಮಿಯಾಗಿ ಸಣ್ಣದಾಗಿದೆ ಅಂದರು. ವಾರದಲ್ಲಿ ಅದಕ್ಕೆ ತಿರುವಿನ ಸ್ವಾಮಿ ಅಂತ ಹೆಸರೂ ಬಿತ್ತು. ಮಲ್ಲಿಗೆ ಬಂತು, ಎಳನೀರು ಬಂತು. ಬೇರೆ ಬಸ್ಸುಗಳೂ ನಿಲ್ಲತೊಡಗಿದವು. ಡಬ್ಬಿಗೆ ನಾನು ಕೈ ಹಾಕಲಿಲ್ಲ. ಅಷ್ಟೊತ್ತಿಗೆ ನನಗೂ ಸ್ವಲ್ಪ ಹೆದರಿಕೆ ಶುರುವಾಗಿತ್ತು.

ಒಂದು ಸಂಶಯ ಇತ್ತು, ಅಪ್ಪಯ್ಯನಿಗೆ ಗುರುತು ಸಿಕ್ಕಿದರೆ ನನ್ನ ಚರ್ಮ ಉಳಿಯುವುದಿಲ್ಲ ಅಂತ. ದಿನಾ ಎಂಟು ಸಲ ಆ ಗುಂಡನ್ನು ಕಣ್ಣು ತುಂಬ ನೋಡಿ ಕೈಮುಗಿದರು. ಗುರುತು ಸಿಕ್ಕಲೇ ಇಲ್ಲ.

ಅಡಿಗೆಮನೆಗೆ ಬಂದಿದ್ದರಲ್ಲವಾ ಗುರುತು ಸಿಕ್ಕುವುದಕ್ಕೆ!

೬. ದೇವರಿಗೂ ಟೈಮಿಲ್ಲ

ಬಸ್ಸು ನಿಂತದ್ದು ನಿಂತಿತು, ಆದರೆ ಅಪ್ಪಯ್ಯ ಇಳಿಯುತ್ತಿರಲಿಲ್ಲ. ಕೂತಲ್ಲಿಂದಲೇ ಕೈಮುಗಿದು ಹೋಗುತ್ತಿದ್ದರು. ಹತ್ತು ದಿನ ಹೀಗೇ ಆಯಿತು. ಹನ್ನೊಂದನೇ ದಿನ ಒಂದು ಗಂಟೆಯ ಬಸ್ಸಿನಲ್ಲಿ ಇಬ್ಬರು ಹೆಂಗಸರು ಸೀಟಿಗೆ ಜಗಳ ಹಚ್ಚಿಕೊಂಡಿದ್ದರು. ಕಂಡಕ್ಟರ್ ಅದನ್ನು ಬಿಡಿಸುತ್ತಿದ್ದ. ಅಪ್ಪಯ್ಯ ಎಂಜಿನ್ ಬಂದ್ ಮಾಡಿ ಇಳಿದರು.

ನಾನು ಪಾಗಾರದ ಹಿಂದೆ ಅಡಗಿ ಕೂತೆ. ಅಪ್ಪಯ್ಯ ಗುಂಡಿನ ಎದುರು ನಿಂತರು. ಅಲ್ಲಿಂದ ನಮ್ಮ ಮೆಟ್ಟಿಲಿಗೆ ಹೆಚ್ಚೆಂದರೆ ಇಪ್ಪತ್ತು ಹೆಜ್ಜೆ. ಚಾವಡಿಯಲ್ಲಿ ಮಣೆ ಹಾಕಿಯೇ ಇತ್ತು, ದಿನಾ ಹಾಕುತ್ತೇನೆ. ಅವರು ಆ ಕಡೆ ನೋಡಲಿಲ್ಲ. ಕೈಮುಗಿದು ಮೆಲ್ಲಗೆ ಮಾತಾಡತೊಡಗಿದರು.

"ಸ್ವಾಮೀ, ಹೊಟ್ಟೆದ್ ಹೆಂಗಾರೂ ಆಯ್ಲಿ. ಹೆಂಡ್ತಿ ಹೋಯಿ ನಾಲ್ಕ್ ತಿಂಗಳ್ ಆಯ್ತ್. ಕರ್ಕಂಡ್ ಬಪ್ಪುಕೆ ನಂಗ್ ತಿಂಗಳಿನ ಎರಡ್ ದಿನದ ರಜೆಯೂ ಈಗ ಸಿಕ್ಕೂದಿಲ್ಲ. ನೀನಾರೂ ಒಂದ್ಸಲ ಬ್ರಹ್ಮಾವರಕ್ ಹೋಯಿ ಕರ್ಕಂಡ್ ಬಾ. ನಿಂಗೆಂತ, ಟ್ರಿಪ್ ಇತ್ತಾ, ಓನರ್ ಇದ್ರಾ? ಮಾಣಿ ಒಬ್ನೇ ಇತ್ತ್. ಒಬ್ನೇ ನಗಾಡ್ತಾ ಇರತ್ತಂಬ್ರ್. ಅದನ್ ಕಂಡ್ರೆ ಹೆದ್ರಿಕೆ ಆತ್ತ್. ಮತ್ತೆ, ಅವ ಮಾಡೂ ಸಾರ್..." ಇಲ್ಲಿ ಅಪ್ಪಯ್ಯ ಹೊಟ್ಟೆ ಒತ್ತಿಕೊಂಡರು. "ಅದನ್ ಉಂಬುಕ್ ಆತಿಲ್ಲೆ ಸ್ವಾಮೀ."

ಎಲ್ಲ ಸರಿಯಿತ್ತು. ಪಾಗಾರ ಹಾರಿ ಹೋಗಿ ಕಾಲು ಹಿಡಿಯಬೇಕು ಅಂತಿದ್ದೆ. ಆ ಸಾರಿನ ಮಾತು ಬಂತಲ್ಲ, ನನ್ನ ಹಳೇ ಬುದ್ಧಿ ಎದ್ದಿತು. ಬಾಯಿಗೆ ಎರಡೂ ಕೈ ಅಡ್ಡ ಹಿಡಿದು, ದನಿ ದಪ್ಪ ಮಾಡಿ, "ಮೊದ್ಲ್ ಒಳ್ಗ್ ಹೋಯಿ ಉಣ್!" ಅಂದೆ.

ಅಪ್ಪಯ್ಯ ಬೆಚ್ಚಿಬಿದ್ದರು. ಸುತ್ತ ನೋಡಿದರು. ಗುಂಡನ್ನು ನೋಡಿದರು. ಬೈರಾಸು ತೆಗೆದು ಬೆವರು ಒರೆಸಿದರು. ಮತ್ತೆ ಕೈಮುಗಿದು ಹೇಳಿದರು:

"ಟೈಮಿಲ್ಲ ಸ್ವಾಮೀ. ಎರಡ್ ಹತ್ತಕ್ ಬೈಂದೂರ್ ಬಿಡ್ಕ್."

೭. ಚಟ್ನಿ

ಅವತ್ತೇ ನಾನು ಅಬ್ಬಿಗೆ ಇನ್ನೊಂದು ಕಾಗದ ಬರೆದೆ. ಈ ಸಲ ಸುಳ್ಳಿಲ್ಲ. ಗುಂಡು ತೆಗೆದದ್ದು, ದೇವರು ಮಾಡಿದ್ದು, ಅಪ್ಪಯ್ಯ ಹೇಳಿಕೊಂಡದ್ದು, ಸಾರಿನ ಮಾತು ಸಮೇತ ಎಲ್ಲ ಬರೆದು ಡಬ್ಬಕ್ಕೆ ಹಾಕಿದೆ. ಅಂಚೆ ಡಬ್ಬಕ್ಕೆ, ಬಿಸ್ಕಿಟ್ ಡಬ್ಬಕ್ಕಲ್ಲ.

ಮುಂದಿನ ಸೋಮವಾರ ಒಂದು ಗಂಟೆಯ ಬಸ್ಸು ಬಂದು ನಿಂತಿತು. ಎಲ್ಲರೂ ಕೂತಲ್ಲೇ ಕಣ್ಣು ಮುಚ್ಚಿ ಕೈಮುಗಿದರು. ಹಿಂದಿನ ಬಾಗಿಲಿಂದ ಟ್ರಂಕು ಇಳಿಯಿತು, ಟ್ರಂಕಿನ ಹಿಂದೆ ಅಬ್ಬಿ ಇಳಿದಳು. ನೇರ ಗುಂಡಿನ ಹತ್ತಿರ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು.

"ಹ್ವಾಯ್! ಇದ್ ನನ್ ಅರೆಯೂ ಕಲ್ಲಿನ ಗುಂಡಲ್ದಾ!"

ಬಸ್ಸಿನಲ್ಲಿ ಒಬ್ಬೊಬ್ಬರೇ ಕಣ್ಣು ಬಿಟ್ಟರು. ಅಬ್ಬಿ ಸೆರಗಿನಲ್ಲಿ ಅರಿಸಿನ ಕುಂಕುಮ ಒರೆಸಿ, ಗುಂಡನ್ನು ಮಣ್ಣಿಂದ ಕಿತ್ತು, ಮಗುವನ್ನು ಎತ್ತಿಕೊಂಡ ಹಾಗೆ ಸೊಂಟದ ಮೇಲೆ ಇಟ್ಟುಕೊಂಡು ಒಳಗೆ ನಡೆದಳು. ಗುಂಡಿನ ತಲೆಯ ಮೇಲಿದ್ದ ದಾಸವಾಳ ದಾರಿಯಲ್ಲಿ ಬಿತ್ತು.

"ಅಯ್ಯಯ್ಯೋ, ಸ್ವಾಮಿನ ಹೊತ್ಕಂಡ್ ಹೋತಾ ಇದ್ಲ್!" ಅಜ್ಜ ಕಿಟಕಿಯಿಂದ ಅರ್ಧ ಹೊರಗೆ ಬಂದು ಬೊಬ್ಬೆ ಹೊಡೆದ. "ಡ್ರೈವರ್ರೇ, ಕಾಣಿ! ಹಿಡೀನಿ!"

ಅಪ್ಪಯ್ಯ ಇಳಿದು ಓಡಿದರು. ಹಿಂದೆ ಕಂಡಕ್ಟರ್, ಅವನ ಹಿಂದೆ ಅಜ್ಜ, ಮೀನಿನ ಅಕ್ಕ, ಇಡೀ ಬಸ್ಸು. ದೇವರು ಒಳಗೆ ಹೋದ ಮನೆ ಅಲ್ಲವಾ, ಎಲ್ಲರೂ ಮೆಟ್ಟಿಲಲ್ಲಿ ಚೊಂಬಿನ ನೀರಿನಿಂದ ಕಾಲು ತೊಳೆದುಕೊಂಡೇ ಹತ್ತಿದರು. ಅಪ್ಪಯ್ಯನೂ ತೊಳೆದರು. ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡಿದರೆ ಸ್ವಾಮಿ ಅರೆಯುವ ಕಲ್ಲಿನ ಗುಳಿಯಲ್ಲಿ ಕೂತು ಗರಗರ ತಿರುಗುತ್ತಿದ್ದ. ಅಬ್ಬಿ ಒಂದು ಕೈಯಲ್ಲಿ ಗುಂಡು ತಿರುಗಿಸುತ್ತಾ ಇನ್ನೊಂದು ಕೈಯಲ್ಲಿ ತೆಂಗಿನಕಾಯಿ ತುರಿ ಹಾಕುತ್ತಿದ್ದಳು. ತಲೆ ಎತ್ತದೆ, "ಎಂತ ಕಾಂತ್ರಿ? ಕೂಕಣಿ ಎಲ್ಲರೂ. ಚಟ್ನಿ ಈಗ ಆತ್ತ್. ಅವ್ರಿಗ್ ಮಾತ್ರ ಮೆಣಸ್ ಹಾಕ್ದೆ ಬೇರೆ ಅರೀತೆ," ಅಂದಳು.

"ಟೈಮ್..." ಅಂತ ಅಪ್ಪಯ್ಯ ಬಾಯಿ ತೆಗೆದರು. ಮೀನಿನ ಅಕ್ಕ ಹಿಂದಿನಿಂದ ಹೆಗಲು ಒತ್ತಿ ಮಣೆಯ ಮೇಲೆ ಕೂರಿಸಿದಳು. "ಕೂಕಣಿ ಮಾರಾಯ್ರೆ, ಪ್ರಸಾದಕ್ ಟೈಮಿಲ್ಲ ಅಂತ ಯಾರಾರೂ ಹೇಳ್ತ್ರಾ?"

ಚಾವಡಿಯಲ್ಲಿ ಜಾಗ ಸಾಲದೆ ಅಂಗಳಕ್ಕೂ ಎಲೆ ಬಿತ್ತು. ಸೀಟಿಗೆ ಜಗಳ ಮಾಡಿದ್ದ ಹೆಂಗಸರು ಇಬ್ಬರೂ ಒಂದೇ ಮಣೆಯಲ್ಲಿ ಕೂತರು. ನಾನು ಉಪ್ಪಿನಕಾಯಿ ಬಡಿಸಿದೆ, ಎಡಬದಿಗೆ. ಬಸ್ಸು ಮುಕ್ಕಾಲು ಗಂಟೆ ತಡ. ಓನರ್ ಕೇಳಿದರೆ ಏನು ಹೇಳುವುದು ಅಂತ ಕಂಡಕ್ಟರ್ ತಲೆ ಕೆರೆದು, ಟ್ರಿಪ್ ಶೀಟಿನಲ್ಲಿ "ದಾರಿಯಲ್ಲಿ ದೇವರು ಎದ್ದು ಹೋದ ಕಾರಣ" ಅಂತ ಬರೆದ. ಅಪ್ಪಯ್ಯ ಎರಡನೇ ಸಲ ಅನ್ನ ಹಾಕಿಸಿಕೊಂಡರು. ತೇಗಿದರು. ಕೈ ತೊಳೆದು ಬಂದು, ಅಬ್ಬಿಯ ಮುಖ ನೋಡದೆ, ತಲೆ ಎತ್ತಿ ಮಾಡಿನ ಮರದ ಪಕ್ಕಾಸು ನೋಡುತ್ತಾ ಹೇಳಿದರು:

"ಊಟ ಲಾಯ್ಕಿತ್ತ್."

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ನೀವು ಆ ಮಾತು ಓದಿದ ಕೂಡಲೇ ನನ್ನನ್ನು ಹಿಡಿದಿರುತ್ತೀರಿ, ಅಬ್ಬಿ ಹಿಡಿದ ಹಾಗೆ. ಹೌದು, ಅಬ್ಬಿ ಬಂದದ್ದರಿಂದ ಊಟದವರೆಗೆ ಕೊನೆಯದ್ದನ್ನೆಲ್ಲ ನಾನು ಕಟ್ಟಿ ಹೇಳಿದ್ದು. ಕಾಗದ ಹಾಕಿದ್ದು ನಿಜ. ಅದಕ್ಕೆ ಉತ್ತರ ಇನ್ನೂ ಬಂದಿಲ್ಲ. ಗುಂಡು ಹೊರಗೇ ಇದೆ, ಬಸ್ಸು ನಿಲ್ಲುತ್ತದೆ, ಚಾವಡಿಯಲ್ಲಿ ಮಣೆ ಖಾಲಿ ಇದೆ, ಮನೆಯಲ್ಲಿ ಚಟ್ನಿ ಇಲ್ಲ. ನಿನ್ನೆ ಅಪ್ಪಯ್ಯ ಕೈಮುಗಿದ ಮೇಲೆ ಒಂದು ಸಲ ತಿರುಗಿ ಮನೆ ಕಡೆ ನೋಡಿದರು, ಅಷ್ಟೇ. ಅದೂ ನಿಜ. ಬಸ್ಸು ಹೋದ ಮೇಲೆ ನಾನೂ ಪಾಗಾರದಾಚೆ ಬಂದು ದಿನಾ ಒಂದು ಸಲ ಕೈಮುಗಿಯುತ್ತೇನೆ. ನಾನೇ ಹೂತಿಟ್ಟ ಗುಂಡು ಅಂತ ನನಗೆ ಗೊತ್ತಿಲ್ಲವಾ? ಗೊತ್ತಿದೆ. ಆದರೆ ಅಪ್ಪಯ್ಯ ಅದಕ್ಕೆ ಬ್ರಹ್ಮಾವರಕ್ಕೆ ಹೋಗಿ ಬರುವ ಒಂದು ಕೆಲಸ ಹೇಳಿದ್ದಾರೆ. ಅದು ಮುಗಿಯುವ ತನಕ ಅದನ್ನು ಕೀಳುವ ಹಾಗಿಲ್ಲ.